ಅಮ್ಮಿಯ ಎರಡು ಈಳಿಗೆ

ಶಿಕಾರಿಪುರದ ನನ್ನ ತವರಿನಲ್ಲಿ ಎರಡು ಈಳಿಗೆಮಣೆಗಳಿದ್ದವು. ಒಂದು ಮಾಂಸಕ್ಕೆ, ಇನ್ನೊಂದು ಕಾಯಿ ತರಕಾರಿಗೆ. ಮಾಂಸದ್ದು ಒಲೆಯ ಬದಿಯ ಮೊಳೆಗೆ, ಕಾಯಿಯದು ಹಿತ್ತಲ ಬಾಗಿಲ ಪಕ್ಕದ ಮೊಳೆಗೆ. ಅದಲು ಬದಲಾದರೆ ಅಮ್ಮಿಯ ಬಾಯಿಗೆ ಸಿಕ್ಕಿಕೊಂಡಂತೆಯೇ. ನಮ್ಮ ಧರ್ಮದಲ್ಲಿ ಇಂಥ ಕಟ್ಟಳೆಯೇನೂ ಇಲ್ಲ. ಹಲಾಲ್ ಮಾಂಸ ಕೊಯ್ದ ಅಲಗನ್ನು ತೊಳೆದು ಅದರಲ್ಲೇ ಬದನೆಕಾಯಿ ಹೆಚ್ಚಿದರೆ ಯಾವ ದೋಷವೂ ಬರುವುದಿಲ್ಲ. ಎರಡನೆಯ ಈಳಿಗೆ ಇದ್ದದ್ದು ನಮಗಾಗಿ ಅಲ್ಲ, ಎದುರುಮನೆಗಾಗಿ.

ಎದುರುಮನೆಯಲ್ಲಿ ಲಿಂಗಾಯತರ ಅಜ್ಜಿಯೊಬ್ಬರಿದ್ದರು. ಹಬ್ಬ ಬಂದರೆ ಅವರ ಮನೆಯಲ್ಲಿ ಹತ್ತು ಹನ್ನೆರಡು ಕಾಯಿ ತುರಿಯಬೇಕು, ಒಂದು ಈಳಿಗೆ ಸಾಲದು. ನಮ್ಮ ಅಂಗಳದಲ್ಲಿ ನಿಂತು "ಬೀಬಮ್ಮಾ, ಕಾಯಿ ಈಳ್ಗೆ ಕೊಡವ್ವಾ" ಅನ್ನುತ್ತಿದ್ದರು. "ಕಾಯಿ ಈಳ್ಗೆ" ಎಂಬ ಮಾತನ್ನು ಒತ್ತಿಯೇ ಹೇಳುತ್ತಿದ್ದರು. ತೆಗೆದುಕೊಂಡು ಹೋಗಿ ಬಾವಿಕಟ್ಟೆಯ ಮೇಲಿಟ್ಟು, ಎರಡು ಚೊಂಬು ನೀರು ಸುರಿದು ಆಮೇಲೆ ಒಳಗೆ ಒಯ್ಯುತ್ತಿದ್ದರು. ಹೈಸ್ಕೂಲಿಗೆ ಬಂದ ಮೇಲೆ ನನಗೆ ಅದು ಚುಚ್ಚತೊಡಗಿತು. ಅಮ್ಮಿಗೆ ಹೇಳಿದರೆ, "ನಾವು ಪೇಟೆಯಿಂದ ತಂದದ್ದನ್ನು ತೊಳೆಯೋದಿಲ್ವಾ?" ಎಂದು ಸುಮ್ಮನಾದರು. ಈಳಿಗೆ ವಾಪಸು ಬರುವಾಗ ಎಂದೂ ಬರಿದಾಗಿ ಬರುತ್ತಿರಲಿಲ್ಲ. ಅದರ ಹಲಗೆಯ ಮೇಲೆ ಬಾಳೆಲೆಯ ತುಂಡು, ಎಲೆಯ ಮೇಲೆ ಎರಡು ಹೋಳಿಗೆ. ನೀರು ಸುರಿಯುವುದೂ ನಿಜ, ಹೋಳಿಗೆಯೂ ನಿಜ. ಒಂದನ್ನು ನೆನೆದು ಇನ್ನೊಂದನ್ನು ಮರೆಯಲು ನನ್ನಿಂದ ಆಗಿಲ್ಲ.

ಉರ್ದು ಶಾಲೆಯ ನನ್ನ ಪಾಠಗಳಲ್ಲಿ ಛುರಿ ಇತ್ತು, ಚಾಕು ಇತ್ತು, ಈ ಸಾಮಾನು ಇರಲಿಲ್ಲ. ಮನೆಯ ಉರ್ದುವಿನಲ್ಲೂ ನಾವು ಅದನ್ನು ಈಳ್ಗಿ ಎಂದೇ ಕರೆದೆವು. ಮದುವೆಯಾಗಿ ಸೊರಬಕ್ಕೆ ಬಂದಾಗ ಹವ್ಯಕರ ಮನೆಗಳಲ್ಲಿ ಅದೇ ಮೆಟ್ಟುಗತ್ತಿಯಾಯಿತು. ಮರಾಠಿಯವರ ವಿಳಿ, ತೆಲುಗಿನವರ ಕತ್ತಿಪೀಟ, ತಮಿಳರ ಅರಿವಾಳ್‌ಮಣೈ, ಬಂಗಾಳಿಗಳ ಬೊಟಿ ಎಲ್ಲವೂ ಇದರ ನೆಂಟರೇ. ಚಾಕುವಿನಲ್ಲಿ ಒಂದು ಕೈ ಹಿಡಿಕೆಗೇ ಹೋಗುತ್ತದೆ. ಈಳಿಗೆಯಲ್ಲಿ ಅಲಗು ನಮಗೆ ಮುಖ ಮಾಡಿ ನೆಟ್ಟಗೆ ನಿಂತಿರುತ್ತದೆ, ಹಲಗೆಯನ್ನು ಕಾಲೋ ಮೈಭಾರವೋ ಹಿಡಿದಿರುತ್ತದೆ, ಎರಡು ಕೈಗಳೂ ಬಿಡುವು. ಕಾಯಿಹೋಳನ್ನು ಎರಡೂ ಅಂಗೈಯಲ್ಲಿ ಹಿಡಿದು ತುದಿಯ ಹಲ್ಲಿಗೆ ಒತ್ತಿ ತಿರುಗಿಸುವಾಗ ಇದರ ಬೆಲೆ ಗೊತ್ತಾಗುತ್ತದೆ.

ಎರಡು ವರ್ಷದ ಹಿಂದೆ ಕಾಯಿ ಈಳಿಗೆಯ ಅಲಗು ಬುಡದಲ್ಲಿ ಮುರಿಯಿತು. ಹಲ್ಲುಗಳಂತೂ ಎಂದೋ ಸವೆದು ಅಜ್ಜಿಯರ ಬಾಯಿಯಂತಾಗಿದ್ದವು. ಹೊಸದು ತರುವುದು ಅರ್ಧ ಗಂಟೆಯ ಕೆಲಸ ಎಂದು ಭಾಯಿಜಾನ್ ಪೇಟೆಗೆ ಹೊರಟ. ಆದರೆ ಅಷ್ಟು ಹೊತ್ತಿಗೆ ಅಮ್ಮಿಗೆ ಎಪ್ಪತ್ತು ದಾಟಿತ್ತು, ಮಂಡಿ ಮಡಚಲು ಬರುತ್ತಿರಲಿಲ್ಲ. ನಮಾಜನ್ನು ಕುರ್ಚಿಯ ಮೇಲೆ ಕೂತು ಮಾಡಲು ಒಪ್ಪಿಕೊಂಡವರು ಕಾಯಿ ತುರಿಯಲು ಮಾತ್ರ ನೆಲಕ್ಕೇ ಇಳಿಯುತ್ತಿದ್ದರು. ಕೆಳಗೆ ಕೂತರೆ ಏಳಲು ಇಬ್ಬರು ಬೇಕು. ಭಾಭಿ "ನಾನೇ ತುರಿದು ಕೊಡ್ತೀನಿ, ಬಿಡಿ" ಎಂದರೆ ಅಮ್ಮಿಗೆ ಮುಖ ಸಣ್ಣದಾಗುತ್ತಿತ್ತು. ಹಬ್ಬದ ಘೀ ರೈಸಿಗೆ ಬೇಕಾದ ಕಾಯಿಹಾಲು ತನ್ನ ಕೈಯಲ್ಲೇ ಆಗಬೇಕು. ಅಡಿಗೆಮನೆಯಲ್ಲಿ ಅವರಿಗೆ ಉಳಿದಿದ್ದ ಅಧಿಕಾರ ಅದೊಂದೇ.

ಸ್ಟೀಲ್ ಅಂಗಡಿಗೆ ನಾನೂ ಜೊತೆಗೆ ಹೋದೆ. ಮೊದಲು ತೋರಿಸಿದ್ದು ಮಡಚುವ ಈಳಿಗೆ, 350 ರೂಪಾಯಿ. ನೋಡಲು ಚಂದ, ಆದರೆ ಮಡಚುವ ಕಡೆಯ ಪಿನ್ನು ಹೊಸದರಲ್ಲೇ ಅಲುಗುತ್ತಿತ್ತು. ಅಲಗು ಅಲುಗಿದರೆ ಬೆರಳಿಗೆ ಅಪಾಯ. ಬುಡ ಹಗುರ, ಒತ್ತಿದರೆ ಜಾರುತ್ತದೆ. ತುದಿಯ ಹಲ್ಲುಗಳು ತೆಳು ತಗಡಿನಲ್ಲಿ ಅಚ್ಚೊತ್ತಿದವು, ಸವೆದರೆ ಮತ್ತೆ ಅರ ಹಾಕಲು ದಪ್ಪವೇ ಇಲ್ಲ. ಎರಡನೆಯದು ಕಟ್ಟೆಯ ಮೇಲೆ ರಬ್ಬರ್ ಬುಡ ಅಂಟಿಸಿ ಹಿಡಿಕೆ ತಿರುಗಿಸುವ ಯಂತ್ರ. ನುಣುಪು ಗ್ರಾನೈಟಿನ ಮೇಲೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಸುಳ್ಳು ಹೇಳಬಾರದು. ನಮ್ಮ ಮನೆಯ ಕಟ್ಟೆ ಹಳೆಯ ಕಡಪ ಕಲ್ಲಿನದು, ಅಲ್ಲಲ್ಲಿ ಪದರ ಎದ್ದಿದೆ. ಒಯ್ದು ನೋಡಿದೆವು. ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಬುಡ ಗಾಳಿ ಬಿಟ್ಟು ಎದ್ದಿತು. ಅಮ್ಮಿ ಒಂದೇ ಮಾತಿನಲ್ಲಿ "ನಕ್ಕೋ" ಅಂದರು. ಮಿಕ್ಸಿಯ ಮಾತನ್ನು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಮಿಕ್ಸಿಯಲ್ಲಿ ಕಾಯಿ ಪುಡಿಯಾಗುತ್ತದೆ, ಕಂದು ಸಿಪ್ಪೆಯೂ ಸೇರಿ ಹಾಲಿನ ಬಣ್ಣ ಕೆಡುತ್ತದೆ.

ಅದೇ ಅಂಗಡಿಯ ಡ್ರಾಯರಿನಲ್ಲಿ ತಗಡಿನ ಡಬ್ಬಿ ತೆರೆಯುವ ಓಪನರುಗಳಿದ್ದವು. ಸೌದಿಯಿಂದ ಡಬ್ಬಿ ತರುವ ಮನೆಯವರು ಒಯ್ಯುತ್ತಾರಂತೆ. ಅದರ ಒಂದು ಬದಿಗೆ ವೈನ್ ಬಾಟಲಿಯ ಬಿರಡೆ ಕೀಳುವ ಸುರುಳಿ ಇರುವುದನ್ನು ಕಂಡು ಭಾಯಿಜಾನ್ ನಕ್ಕ. ಈ ಡಬ್ಬಿಗಳದ್ದೂ ವಿಚಿತ್ರ ಕಥೆ. ಇಂಗ್ಲೆಂಡಿನಲ್ಲಿ ತಗಡಿನ ಡಬ್ಬಿಗೆ ಪೇಟೆಂಟ್ ಸಿಕ್ಕಿದ್ದು 1810ರಲ್ಲಿ. ಅಮೆರಿಕದ ಎಜ್ರಾ ವಾರ್ನರ್ ಡಬ್ಬಿ ತೆರೆಯುವ ಸಾಧನಕ್ಕೆ ಪೇಟೆಂಟ್ ಪಡೆದದ್ದು 1858ರಲ್ಲಿ. ನಡುವಿನ ನಾಲ್ಕಾರು ದಶಕ ಜನ ಉಳಿ ಸುತ್ತಿಗೆಯಲ್ಲೇ ಬಡಿದು ತೆರೆದರು. ಡಬ್ಬಿ ಮಾಡಿದವರಿಗೆ ಅದನ್ನು ತೆರೆಯುವ ಕೈಯ ನೆನಪು ಬಂದದ್ದು ಅಷ್ಟು ತಡವಾಗಿ.

ನಿಂತು ಅಡಿಗೆ ಮಾಡುವ ಕಟ್ಟೆ ನಮ್ಮ ಕಡೆ ಬಂದಾಗಲೂ ಇಂಥದ್ದೇ ಆಯಿತು ಎಂದು ನನಗನ್ನಿಸುತ್ತದೆ. ಇಂದಿನ ಅಡಿಗೆಮನೆಗಳ ಮೂಲ ಎಂದು ಹೇಳುವ ಫ್ರಾಂಕ್‌ಫರ್ಟ್ ಅಡಿಗೆಮನೆಯನ್ನು 1926ರಲ್ಲಿ ರೂಪಿಸಿದವರು ಮಾರ್ಗರೆಟೆ ಷುಟೆ-ಲಿಹೊಟ್ಸ್ಕಿ ಎಂಬ ಹೆಣ್ಣುಮಗಳು. ಅಂಥ ಸುಮಾರು 10,000 ಅಡಿಗೆಮನೆಗಳು ಆ ಊರಿನ ಹೊಸ ವಸತಿಗಳಲ್ಲಿ ಕಟ್ಟಲ್ಪಟ್ಟವು. ಅದರಲ್ಲಿ ಕಿಟಕಿಯ ಬಳಿ ಕೂತು ತರಕಾರಿ ಹೆಚ್ಚಲು ಒಂದು ತಿರುಗುವ ಸ್ಟೂಲು ಇತ್ತು. ನಮ್ಮವರು ಕಟ್ಟೆಯನ್ನು ತಂದರು, ಸ್ಟೂಲನ್ನು ತರಲಿಲ್ಲ. ನೆಲದಲ್ಲಿ ಕೂತು ಮಂಡಿ ಸವೆಸಿಕೊಂಡ ಹೆಂಗಸರ ಮಕ್ಕಳು ಈಗ ನಿಂತು ಹಿಮ್ಮಡಿ ಸವೆಸಿಕೊಳ್ಳುತ್ತಿದ್ದಾರೆ.

ಕೊನೆಗೆ ನಾನು ಸೊರಬದ ಕುಲುಮೆಗೆ ಹೋದೆ. ನಾನು ಬಲ್ಲ ಕುಲುಮೆ ಊರ ಹೊರಗಿನ ಅದೊಂದೇ. ಭದ್ರಾವತಿಯಲ್ಲಿ 1923ರಲ್ಲೇ ಕಬ್ಬಿಣ ಕರಗಿಸಿದ ಜಿಲ್ಲೆ ನಮ್ಮದು, ಆದರೂ ಆಚಾರರ ಕತ್ತಿ ಕುಡುಗೋಲಿಗೆಲ್ಲ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯೇ ಆಧಾರ. ಆ ಉಕ್ಕು ಹದ ಹಿಡಿಯುತ್ತದೆ, ಸಾಣೆಗೂ ಬಗ್ಗುತ್ತದೆ. ತುಕ್ಕು ಹಿಡಿಯುತ್ತದೆ ನಿಜ, ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಆಯಿತು. ಅಂಗಡಿಯವನು ಮೊದಲು ಕೇಳಿದ್ದು "ಎಷ್ಟರೊಳಗೆ ಬೇಕು?" ಎಂದು. ಆಚಾರರು ಕೇಳಿದ್ದು, "ಯಾರು ಬಳಸೋದಕ್ಕಾ? ಕೂತಾ, ನಿಂತಾ?"

ಅಮ್ಮಿಯ ಮಂಡಿಯ ವಿಷಯ ಹೇಳಿದೆ. ನಮಾಜಿನ ಕುರ್ಚಿಯ ಮಾತೂ ಬಂತು. "ಹಾಗಾದ್ರೆ ಆ ಕುರ್ಚಿ ಎತ್ತರ ಅಳೆದು ಹೇಳಿ, ಅದು ಅವರಿಗೆ ಒಗ್ಗಿದೆಯಲ್ಲ" ಎಂದರು. ಭಾಯಿಜಾನ್‌ಗೆ ಫೋನ್ ಮಾಡಿದೆ. 17 ಇಂಚು. ಅಷ್ಟೇ ಎತ್ತರದ, ಎರಡೂವರೆ ಅಡಿ ಉದ್ದದ ಹಲಸಿನ ಬೆಂಚು ಮಾಡಿಸುವುದು, ಒಂದು ತುದಿಯಲ್ಲಿ ಅಮ್ಮಿ ಕೂರುವುದು, ಇನ್ನೊಂದು ತುದಿಯಲ್ಲಿ ಅಲಗು. ಕೂತವರ ಭಾರವೇ ಬೆಂಚನ್ನು ಹಿಡಿಯುತ್ತದೆ. ಹಳೆಯ ಈಳಿಗೆಮಣೆಯನ್ನೇ ಎತ್ತರಿಸಿದಂತೆ.

ಇಲ್ಲಿ ಹೊಸ ತಕರಾರು ಎದ್ದಿತು. ಮಾಂಸ ಈಗ ಅಂಗಡಿಯಿಂದಲೇ ತುಂಡಾಗಿ ಬರುತ್ತದೆ, ಇಂಥ ಬೆಂಚಿದ್ದರೆ ಎಲ್ಲಕ್ಕೂ ಅದೊಂದೇ ಸಾಕು ಎಂದು ಭಾಯಿಜಾನ್. ಅಮ್ಮಿ ಫೋನಿನಲ್ಲಿ, "ಇದಕ್ಕೆ ಗೋಷ್ತ್ ಮುಟ್ಟಿಸಬೇಡಿ. ಮತ್ತೆ, ಅಲಗು ಬಿಚ್ಚಿ ಹಳೇ ಮಣೆಗೆ ಹಾಕೋ ಹಾಗಿರಬೇಕು. ಯಾರಾದರೂ ಕೇಳಿದರೆ ಬೆಂಚು ಹೊತ್ತುಕೊಂಡು ಹೋಗ್ತಾರಾ?" ಎಂದರು.

ಯಾರು ಕೇಳಬೇಕು? ಎದುರುಮನೆಯ ಅಜ್ಜಿ ತೀರಿಕೊಂಡು ವರ್ಷಗಳಾದವು. ಅವರ ಮನೆ ಒಡೆದು ಮಹಡಿ ಕಟ್ಟಿ, ಈಗ ಮೇಷ್ಟ್ರೊಬ್ಬರ ಸಂಸಾರ ಬಾಡಿಗೆಗಿದೆ. 2022ರ ಯುಗಾದಿಯ ಹೊತ್ತಿಗೆ ಹಲಾಲ್ ಮಾಂಸ ಬಹಿಷ್ಕರಿಸಿ ಎಂಬ ಕೂಗು ರಾಜ್ಯದಲ್ಲಿ ಎದ್ದದ್ದನ್ನು ನಾವು ನೋಡಿದ್ದೇವೆ. ಭಾಯಿಜಾನ್ ಅದನ್ನೇ ಹೇಳಿದ. "ನಮ್ಮ ಅಂಗಡಿಯ ಮಾಂಸವೇ ಬೇಡ ಅನ್ನೋ ಕಾಲದಲ್ಲಿ ನಮ್ಮ ಮನೆಯ ಈಳಿಗೆ ಯಾರಿಗೆ ಬೇಕು ಅಮ್ಮಿ?" ಅವನ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ದಣಿವಿತ್ತು. "ಕೇಳೋದು ಬಿಡೋದು ಅವರಿಗೆ ಬಿಟ್ಟದ್ದು. ಕೇಳಿದ ದಿನ ನನ್ನ ಹತ್ತಿರ ಇಲ್ಲ ಅನ್ನೋ ಹಾಗಾಗಬಾರದು" ಎಂದು ಅಮ್ಮಿ ಫೋನ್ ಇಟ್ಟರು. ನಾನು ಇಬ್ಬರ ಮಾತನ್ನೂ ಒಪ್ಪುತ್ತೇನೆ. ಅಲಗನ್ನು ಮಾತ್ರ ಅಮ್ಮಿ ಹೇಳಿದಂತೆ ಮಾಡಿಸಿದೆ.

ಆಚಾರರು ಸ್ವಲ್ಪ ಯೋಚಿಸಿ ಅಲಗಿನ ಬುಡವನ್ನು ಚಪ್ಪಟೆ ಮಾಡಿ ಎರಡು ತೂತು ಕೊರೆದರು. ಅದೇ ಅಳತೆಯ ತೂತು ಬೆಂಚಿಗೂ, ಅಮ್ಮಿಯ ಹಳೆಯ ಮಣೆಗೂ. ಕೈಯಲ್ಲೇ ತಿರುಗಿಸಬಹುದಾದ ರೆಕ್ಕೆಯ ನಟ್ಟುಗಳು. ಅಲಗಿನ ಬಾಯಿಗೆ ಹಳೆಯ ಸೈಕಲ್ ಟೈರಿನ ತುಂಡನ್ನು ಕೊಯ್ದು ಒರೆ ಮಾಡಿದರು, ಮನೆಯಲ್ಲಿ ಮಕ್ಕಳಿದ್ದಾರಲ್ಲ. ಮರಗೆಲಸವೂ ಸೇರಿ 1,600 ರೂಪಾಯಿ. ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ಬೆಂಚನ್ನು ಹಾಕಿಕೊಂಡು ಹೋದೆ. ಕಂಡಕ್ಟರ್ ಲಗೇಜಿನ ಟಿಕೆಟ್ ಹರಿದುಕೊಟ್ಟು, ಆಮೇಲೆ ತಾನೇ ಅದರ ಮೇಲೆ ಕೂತ.

ಅಮ್ಮಿಗೆ ಮೊದಲ ದಿನ ಹಲ್ಲು ಹಿಡಿಸಲಿಲ್ಲ. ಬಹಳ ಚೂಪು, ಕಂದು ಸಿಪ್ಪೆಯನ್ನೂ ಎಳೆದುಕೊಂಡು ಬರುತ್ತದೆ ಎಂದು ದೂರಿದರು. ಹತ್ತು ಕಾಯಿ ತುರಿಯಲಿ, ತಾನೇ ಹದಕ್ಕೆ ಬರುತ್ತದೆ ಎಂದು ಆಚಾರರು ಹೇಳಿ ಕಳಿಸಿದ್ದರು. ಬಕ್ರೀದಿನ ಹೊತ್ತಿಗೆ ಹತ್ತು ಆಗಿತ್ತು, ದೂರು ನಿಂತಿತ್ತು. ಎದ್ದೇಳಲು ಯಾರನ್ನೂ ಕರೆಯದೆ ಅಮ್ಮಿ ಕಾಯಿಹಾಲು ಹಿಂಡಿದರು.

ಎದುರುಮನೆಯ ಮೇಷ್ಟ್ರ ಹೆಂಡತಿ ಒಂದು ದಿನ ಗ್ಯಾಸಿನವನು ಬಂದನಾ ಎಂದು ಕೇಳಲು ಬಂದವರು, ಹಿತ್ತಲ ಬಾಗಿಲಲ್ಲಿ ಬೆಂಚಿನ ಮೇಲೆ ಕೂತು ತುರಿಯುತ್ತಿದ್ದ ಅಮ್ಮಿಯನ್ನು ನೋಡುತ್ತಾ ನಿಂತರಂತೆ. ಈಳಿಗೆಯನ್ನು ಅವರು ಕೇಳಲಿಲ್ಲ. ಅದನ್ನು ಎಲ್ಲಿ ಮಾಡಿಸಿದಿರಿ ಎಂದು ಕೇಳಿದರು. ಅವರ ಅತ್ತೆಗೂ ಮಂಡಿನೋವು, ಆದರೆ ಅಮ್ಮಿಗಿಂತ ಕುಳ್ಳು, ಹದಿನೈದು ಇಂಚು ಸಾಕಂತೆ. ಅಳತೆ ಬರೆದ ಚೀಟಿ ಭಾಭಿಯ ಕೈಯಿಂದ ನನಗೆ ಬಂದಿದೆ. ಆಚಾರರಿಗೆ ಕೊಟ್ಟೆ. ಅವರು ಚೀಟಿಯನ್ನು ಓದಿ, "ಇದು ಬಿಚ್ಚೋದೋ, ಬಿಚ್ಚದ್ದೋ?" ಎಂದು ಕೇಳಿದರು. ಕೇಳಿ ಹೇಳುತ್ತೇನೆ ಎಂದು ಬಂದಿದ್ದೇನೆ.