ಬುರುಡೆ ಮೇಷ್ಟ್ರ ಪಾಠ

ಕುರಿ, ಮೇಕೆ, ಹಸು, ಎಮ್ಮೆ, ಇವ್ಯಾವುದಕ್ಕೂ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ. ಜೀವಮಾನವೆಲ್ಲ ಬಾಡೂಟ ಉಂಡವರೂ ಈ ಮಾತು ಕೇಳಿ ‘ಹೋಗ್ರೀ ಸುಮ್ನೆ’ ಅನ್ನುತ್ತಾರೆ. ವಾದ ಮಾಡಿ ಪ್ರಯೋಜನವಿಲ್ಲ. ಒಂದು ಮೇಕೆ ಬುರುಡೆಯನ್ನು ಕೈಗೆ ಕೊಟ್ಟುಬಿಡಬೇಕು. ತಿರುಗಿಸಿ ನೋಡುತ್ತಾರೆ, ಬೆರಳಾಡಿಸುತ್ತಾರೆ, ಆಮೇಲೆ ತಮ್ಮ ಬಾಯೊಳಗೇ ಒಮ್ಮೆ ನಾಲಿಗೆ ಆಡಿಸಿ ನೋಡಿಕೊಳ್ಳುತ್ತಾರೆ. ಆ ನಾಲಿಗೆ ಆಡಿಸುವ ಗಳಿಗೆ ನೋಡುವುದಕ್ಕಾಗಿಯೇ ನಾನು ಬುರುಡೆ ಹೊತ್ತು ತಿರುಗುವುದು.

ರಜಾ ದಿನಗಳಲ್ಲಿ ಮಾಕಳಿದುರ್ಗದ ಸುತ್ತಲಿನ ಹಳ್ಳಿಯ ಮಕ್ಕಳನ್ನು ಬೆಟ್ಟದ ಬುಡದಲ್ಲಿ ಕೂರಿಸಿಕೊಂಡು ಕಾಡುಪ್ರಾಣಿಗಳ ಪಾಠ ಹೇಳುವುದು ನನ್ನ ಹವ್ಯಾಸ. ಬೆಂಗಳೂರಿನಿಂದ ಬರುವವರಿಗೆ ಇದು ಚಾರಣದ ಬೆಟ್ಟ. ಮೇಲೆ ಕೋಟೆ, ಈಶ್ವರನ ಗುಡಿ, ನಂದಿ, ಕೆಳಗೆ ಗೌರಿಬಿದನೂರಿನ ಕಡೆಯ ರೈಲು ಘಟ್ಟ ಹತ್ತುವ ನೋಟ. ಇಷ್ಟು ಮೊಬೈಲಿಗೆ ಸಿಕ್ಕರೆ ಇಳಿದುಬಿಡುತ್ತಾರೆ. ಇಲ್ಲಿನ ಮಕ್ಕಳಿಗೆ ಅದು ಮೇಕೆ ಮೇಯಿಸುವ ಜಾಗ, ಎಲಚಿ ಹಣ್ಣು ಆರಿಸುವ ಜಾಗ, ಸಂಜೆಯಾದರೆ ‘ಚಿರತೆ ಐತೆ, ಬೇಗ ಬಾ’ ಎಂದು ಅಮ್ಮ ಕೂಗುವ ಜಾಗ. ನನಗೆ ಬೇಕಾದವರು ಇವರು. ಇವರಿಟ್ಟ ಹೆಸರು ಬುರುಡೆ ಮೇಷ್ಟ್ರು. ಎರಡೂ ಅರ್ಥ ಗೊತ್ತಿದ್ದೇ ಇಟ್ಟಿದ್ದಾರೆ, ಕಳ್ಳರು.

ಎಲ್ಲರೂ ಮೊದಲು ಕೇಳುವುದು ಒಂದೇ: ‘ಚಿರತೆದು ಇಲ್ವಾ ಸಾ?’

ಇಲ್ಲ. ಇರಲೂ ಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿರುವ ಪ್ರಾಣಿಯ ಚರ್ಮ, ಮೂಳೆ, ಕೊಂಬು, ಹಲ್ಲು, ಉಗುರು ಯಾವುದನ್ನೂ ನಮ್ಮ ನಿಮ್ಮಂಥವರು ಇಟ್ಟುಕೊಳ್ಳುವಂತಿಲ್ಲ. ತಾನಾಗಿ ಸತ್ತು ಬಿದ್ದ ಪ್ರಾಣಿಯೂ ಸರ್ಕಾರದ ಸ್ವತ್ತೇ. ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸರಿಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. 2023ರ ಅಕ್ಟೋಬರಿನಲ್ಲಿ ಟಿವಿ ಕಾರ್ಯಕ್ರಮದ ಸ್ಪರ್ಧಿಯೊಬ್ಬರು ಹುಲಿಯುಗುರಿನ ಪದಕದ ದೆಸೆಯಿಂದ ಬಂಧನಕ್ಕೊಳಗಾದಾಗ ನಾಡಿನ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ಲಾಕೆಟ್ಟುಗಳು ಬೀರುವಿನ ಇನ್ನೂ ಒಳಗೆ ಸರಿದವು. ನವಿಲು ತಾನೇ ಉದುರಿಸಿದ ಬಾಲದ ಗರಿಗೆ ಮಾತ್ರ ಕಾಯ್ದೆಯಲ್ಲಿ ವಿನಾಯಿತಿ ಇದೆ. ಹಾಗಾಗಿ ಪುಸ್ತಕದೊಳಗೆ ಗರಿಯಿಟ್ಟು ಅದು ಮರಿ ಹಾಕುತ್ತದೆಂದು ಕಾಯುವ ಮಕ್ಕಳು ನಿಶ್ಚಿಂತೆಯಿಂದ ಕಾಯಬಹುದು.

ಹೊರದೇಶದ ಮೇಷ್ಟ್ರುಗಳ ಮೇಲೆ ನನಗೆ ಒಂದು ಕಾಲಕ್ಕೆ ಹೊಟ್ಟೆಕಿಚ್ಚಿತ್ತು. ಷಿಕಾಗೋದ ಫೀಲ್ಡ್ ಮ್ಯೂಸಿಯಂ 1912ರ ಸುಮಾರಿನಿಂದಲೂ ಪ್ರಾಣಿ ಪಕ್ಷಿಗಳ ಮಾದರಿಗಳನ್ನು ಪೆಟ್ಟಿಗೆಯಲ್ಲಿಟ್ಟು ಶಾಲೆಗಳಿಗೆ ಎರವಲು ಕಳಿಸುತ್ತ ಬಂದಿದೆ. ಅಲ್ಲಿ ಎಷ್ಟೋ ಕಡೆ ಮಕ್ಕಳ ಮುಂದೆ ತೋಳದ ಬುರುಡೆ, ಕರಡಿಯ ತುಪ್ಪಳವನ್ನೇ ಹರಡುತ್ತಾರೆ. ನಮ್ಮಲ್ಲೂ ಚರ್ಮಕ್ಕೇನು ಬರವಿರಲಿಲ್ಲ. ಮೈಸೂರಿನ ವಾನ್ ಇಂಗೆನ್ ಕಾರ್ಖಾನೆ ಇಪ್ಪತ್ತನೆಯ ಶತಮಾನದ ಉದ್ದಕ್ಕೂ ರಾಜಮಹಾರಾಜರು, ದೊರೆಗಳು ಹೊಡೆದ ಸಾವಿರಾರು ಹುಲಿ ಚಿರತೆಗಳನ್ನು ಹದಮಾಡಿ, ಬಾಯಿ ತೆರೆದು ಗುರ್ರೆನ್ನುವ ಭಂಗಿಯಲ್ಲಿ ನಿಲ್ಲಿಸಿತು. ಕೈಚಳಕ ಅದ್ಭುತವೇ, ಅನುಮಾನವಿಲ್ಲ. ಆದರೆ ಆ ಹುಲಿಗಳು ಅರಮನೆಯ ಗೋಡೆಗೆ ಹೋದವು, ಯಾವ ಹಳ್ಳಿ ಶಾಲೆಯ ಮೇಜಿಗೂ ಬರಲಿಲ್ಲ. ಬೇಟೆಗೆ ನಿಷೇಧ ಬಿದ್ದ ಮೇಲೆ ಕಸುಬು ಸೊರಗಿ, ಶತಮಾನ ಮುಗಿಯುವ ಹೊತ್ತಿಗೆ ಕಾರ್ಖಾನೆಯೂ ಬಾಗಿಲು ಹಾಕಿತು.

ಈಗ ಆ ಹೊಟ್ಟೆಕಿಚ್ಚಿಲ್ಲ. ಕಾಡಿನ ಬಹುಪಾಲು ಬಾಯಿಗಳ ನಮೂನೆ ನಮ್ಮ ಹಟ್ಟಿಯಲ್ಲೇ ಇದೆ. ನಾಯಿಗೆ 42 ಹಲ್ಲು. ನರಿಗೂ ತೋಳಕ್ಕೂ ಅಷ್ಟೇ, ಅದೇ ಜೋಡಣೆ. ಬೆಕ್ಕಿಗೆ 30, ಚಿರತೆಗೂ 30. ಮೇಕೆಗೆ 32, ಕೃಷ್ಣಮೃಗಕ್ಕೂ 32. ಹಂದಿ, ಕಾಡುಹಂದಿ ಎರಡಕ್ಕೂ 44. ಹೀಗಿರುವಾಗ ಚಿರತೆಯ ಬುರುಡೆಗೆ ಆಸೆಪಡುವುದು ಬರೀ ಜಂಬ.

ಆದರೆ ಸೀಳದ ಮೇಕೆ ಬುರುಡೆ ಸಿಗುವುದು ನೀವಂದುಕೊಂಡಷ್ಟು ಸುಲಭವಲ್ಲ. ನಮ್ಮ ಕಡೆ ತಲೆ-ಕಾಲಿಗೆ ಬಲು ಬೇಡಿಕೆ. ಅಂಗಡಿಯವನು ತಲೆಯನ್ನು ಬೆಂಕಿಯಲ್ಲಿ ಸುಟ್ಟು, ಹೆರೆದು, ಮಚ್ಚಿನಲ್ಲಿ ಒಂದೇ ಏಟಿಗೆ ಎರಡು ಹೋಳು ಮಾಡಿ ಮಿದುಳನ್ನು ಬೇರೆ ಕವರಿಗೆ ಹಾಕುತ್ತಾನೆ. ‘ಸುಡಬೇಡಪ್ಪ, ಸೀಳಬೇಡ, ಕೊಂಬು ಕೀಳಬೇಡ’ ಎಂದರೆ, ಇದೇನು ಮಾಟ ಮಂತ್ರದವನೋ ಎಂಬಂತೆ ನೋಡುತ್ತಾನೆ. ಮಕ್ಕಳಿಗೆ ಪಾಠಕ್ಕೆ ಎಂದು ಹೇಳಿದ ಮೇಲೆ ಅನುಮಾನ ಇನ್ನೂ ಹೆಚ್ಚುತ್ತದೆ. ಈಗ ನನ್ನ ಕಾಯಂ ಅಂಗಡಿಯವನು ಪಳಗಿದ್ದಾನೆ. ಕೊಂಬು ಚೆನ್ನಾಗಿರುವ ಹೋತ ಬಂದರೆ ಅವನೇ ಫೋನು ಮಾಡುತ್ತಾನೆ.

ಮನೆಗೆ ತಂದ ಮೇಲಿನ ಕೆಲಸ ನಿಧಾನದ್ದು. ಸಣ್ಣ ಉರಿಯಲ್ಲಿ ಬೇಯಿಸಿ ಮಾಂಸ ಬಿಡಿಸಬೇಕು. ಕುದಿ ಜೋರಾದರೆ ಮೂಗಿನ ತೆಳು ಮೂಳೆಗಳು ಬಿಟ್ಟುಕೊಳ್ಳುತ್ತವೆ. ಉಳಿದದ್ದನ್ನು ಮುಚ್ಚಳವಿರುವ ಬಕೆಟ್ಟಿನ ನೀರಿನಲ್ಲಿ ವಾರಗಟ್ಟಲೆ ಕೊಳೆಯಲು ಬಿಡುವುದು. ಇದು ಮನೆಯಿಂದ ದೂರ, ಗಾಳಿ ಬೀಸುವ ದಿಕ್ಕು ನೋಡಿಕೊಂಡು ಮಾಡುವ ಕೆಲಸ. ನೀರು ಚೆಲ್ಲುವಾಗ ಸೋಸಬೇಕು, ಸಡಿಲವಾದ ಹಲ್ಲುಗಳು ತಳದಲ್ಲಿರುತ್ತವೆ. ಆಮೇಲೆ ಸೋಪಿನ ನೀರಿನಲ್ಲಿ ನೆನೆಸಿ ಜಿಡ್ಡು ತೆಗೆದು, ಮೆಡಿಕಲ್ ಸ್ಟೋರಿನ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದಿ ನೆರಳಲ್ಲಿ ಒಣಗಿಸಿದರೆ ಮೂಳೆ ತಿಳಿ ಕೆನೆಬಣ್ಣಕ್ಕೆ ಬರುತ್ತದೆ. ಬ್ಲೀಚಿಂಗ್ ಪುಡಿ ಕೂಡದು, ಮೂಳೆ ಹಿಟ್ಟಾಗುತ್ತದೆ. ಉದುರಿದ ಹಲ್ಲುಗಳನ್ನು ಅವುಗಳ ಗುಳಿ ಹುಡುಕಿ ಫೆವಿಕಾಲ್ ಹಚ್ಚಿ ಕೂರಿಸುವುದಿದೆಯಲ್ಲ, ಅದರಷ್ಟು ನೆಮ್ಮದಿಯ ಕೆಲಸ ನನಗೆ ಇನ್ನೊಂದು ಗೊತ್ತಿಲ್ಲ. ಒಂದು ಗುಳಿಗೆ ಇನ್ನೊಂದರ ಹಲ್ಲು ಕೂರುವುದೇ ಇಲ್ಲ.

ಪಾಠಕ್ಕೆ ಮೇಕೆ ಮತ್ತು ನಾಯಿ ಬುರುಡೆಗಳನ್ನು ಪಕ್ಕಪಕ್ಕ ಇಡುತ್ತೇನೆ. ಬಾಯಿ ಮುಚ್ಚಿಕೊಂಡಿರುವುದು ಈಗ ನನ್ನ ಕೆಲಸ. ಮೇಕೆಗೆ ಕಣ್ಣು ಪಕ್ಕದಲ್ಲಿ, ಸುತ್ತ ಮೂಳೆಯ ಪೂರ್ತಿ ಬಳೆ. ನಾಯಿಗೆ ಕಣ್ಣು ಮುಂದಕ್ಕೆ, ಬಳೆ ಹಿಂದುಗಡೆ ತೆರೆದಿದೆ. ಮೇಕೆಯ ಕೆಳದವಡೆ ಅಕ್ಕಪಕ್ಕ ಸರಿದಾಡಿ ರಾಗಿ ಕಲ್ಲಿನಂತೆ ಅರೆಯುತ್ತದೆ. ನಾಯಿಯದು ಮೇಲೆ ಕೆಳಗೆ ಬಿಟ್ಟರೆ ಪಕ್ಕಕ್ಕೆ ಹೆಚ್ಚು ಅಲ್ಲಾಡದು. ಕೆನ್ನೆಯ ಎರಡು ದೊಡ್ಡ ಹಲ್ಲುಗಳು ಒಂದನ್ನೊಂದು ಸವರಿಕೊಂಡು ಇಳಿದು ಮಾಂಸ ಕತ್ತರಿಸುತ್ತವೆ. ನಾಯಿ ಮೂಳೆ ಕಡಿಯುವಾಗ ತಲೆಯನ್ನು ಯಾಕೆ ವಾರೆ ಮಾಡುತ್ತದೆಂದು ಒಂದು ಹುಡುಗಿ ಬುರುಡೆ ನೋಡಿಯೇ ಹೇಳಿದಳು: ‘ಮುಂದಿನ ಹಲ್ಲಲ್ಲಿ ಆಗಲ್ಲ ಸಾ, ಕೆನ್ನೆ ಹಲ್ಲಿಗೆ ಕೊಡ್ಬೇಕು.’ ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ನಮ್ಮ ಕಡೆಯ ಮಕ್ಕಳಿಗೆ ಬಾಯಿ ಓದುವ ವಿದ್ಯೆ ಹೊಸದೇನಲ್ಲ. ಪಕ್ಕದಲ್ಲೇ ಘಾಟಿ ಸುಬ್ರಹ್ಮಣ್ಯ. ಪುಷ್ಯ ಶುದ್ಧ ಷಷ್ಠಿಯ ತೇರಿನ ಆಸುಪಾಸಿನಲ್ಲಿ ಅಲ್ಲಿ ಕೂಡುವ ದನಗಳ ಜಾತ್ರೆಗೆ ಹಳ್ಳಿಕಾರ್ ಹೋರಿಗಳು ಸಾಲುಗಟ್ಟಿ ಬರುತ್ತವೆ. ಕೊಳ್ಳುವವನು ಕೊಂಬು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡಿಗೆ ನೋಡುತ್ತಾನೆ. ಕೊನೆಗೆ ತುಟಿ ಸರಿಸಿ ಹಲ್ಲು ನೋಡುತ್ತಾನೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು, ಆರು, ಆಮೇಲೆ ಬಾಯ್ಗೂಡಿದ್ದು. ಎಂಟೂ ಬಂದು ಬಾಯ್ಗೂಡಿತೆಂದರೆ ಎತ್ತಿಗೆ ಸುಮಾರು ಐದು ವರ್ಷ. ಅಲ್ಲಿಂದಾಚೆಗೆ ಸವೆತ ನೋಡಿ ಅಂದಾಜು. ಟವೆಲಿನಡಿ ಬೆರಳು ಹಿಡಿದು ಬೆಲೆ ಕಟ್ಟುವ ದಲ್ಲಾಳಿ ಈ ಲೆಕ್ಕ ತಪ್ಪಿದರೆ ಕೆಟ್ಟ. ಸವೆದ ಹಲ್ಲು ನೋಡಿ ಜಿಂಕೆಯ ವಯಸ್ಸು ಹೇಳುವ ವನ್ಯಜೀವಿ ವಿಜ್ಞಾನಿ ಮಾಡುವುದೂ ಇದನ್ನೇ.

ಅಪ್ಪನ ಜೊತೆ ಜಾತ್ರೆ ಸುತ್ತಿದ ಹುಡುಗನೊಬ್ಬ ನನ್ನ ಹಸುವಿನ ದವಡೆ ಎತ್ತಿಕೊಂಡವನೇ ‘ಆರ್ ಹಲ್ಲಿಂದು ಸಾ, ಇನ್ನೂ ದುಡಿಯೋದಿತ್ತು’ ಎಂದ. ಶಾಲೆಯಲ್ಲಿ ಅವನು ವಿಜ್ಞಾನದಲ್ಲಿ ಹಿಂದಂತೆ. ಇಂಥವನಿಗೆ ಕೃಷ್ಣಮೃಗದ ಮಾತು ಎತ್ತಿದರೆ ಅರ್ಧ ಪಾಠ ಅವನೇ ಮುಗಿಸುತ್ತಾನೆ. ಮೇಕೆ ಕೊಂಬಿನ ಹೊರ ಕವಚ ಕಳಚಿ ಒಳಗಿನ ಮೂಳೆ ತೋರಿಸುತ್ತೇನೆ: ಹೀಗಿರುವುದು ಜೀವನಪೂರ್ತಿ ಉದುರದು, ಕೃಷ್ಣಮೃಗದ್ದೂ ಹೀಗೆಯೇ, ಜಿಂಕೆಯ ಕವಲುಗೊಂಬು ಮಾತ್ರ ಉದುರಿ ಮತ್ತೆ ಬೆಳೆಯುವಂಥದ್ದು. ಕೃಷ್ಣಮೃಗ ನೋಡಲು ದೂರ ಹೋಗಬೇಕಿಲ್ಲ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಹಿಂಡುಹಿಂಡಾಗಿವೆ.

ಹಟ್ಟಿಯಲ್ಲಿ ನಮೂನೆ ಸಿಗದ ಪ್ರಾಣಿಗಳೂ ಇವೆ, ಅವಕ್ಕೆ ಬಾಯಿಮಾತೇ ಗತಿ. ಕರಡಿಗೆ ಮೇಲಿನ ನಡು ಹಲ್ಲುಗಳೆರಡು ಇಲ್ಲ. ಆ ಸಂದಿಯಿಂದ ಗೆದ್ದಲನ್ನು ಸೊರ್ರೆಂದು ಎಳೆದುಕೊಳ್ಳುತ್ತದೆ. ಚಿಪ್ಪುಹಂದಿಗೆ ಹಲ್ಲೇ ಇಲ್ಲ. ಮುಳ್ಳುಹಂದಿ ಸುಣ್ಣದಂಶಕ್ಕಾಗಿ ಹಳೇ ಮೂಳೆ ಕೆರೆಯುತ್ತದೆ. ದನದ ಮೂಳೆಯ ಮೇಲೆ ಸಾಲುಸಾಲು ಗೀರು ಕಂಡರೆ ಅದರ ಭೇಟಿಯಾಗಿದೆ ಎಂದು ತಿಳಿಯಬೇಕು.

ಗೂಬೆಯ ಉಂಡೆ ಸಿಕ್ಕ ದಿನ ಹಬ್ಬ. ಕಣಜಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಕೂದಲು ಮೂಳೆಗಳನ್ನು ಉಂಡೆ ಮಾಡಿ ಉಗುಳುತ್ತದೆ. ಹಳೇ ಗುಡಿ, ಪಾಳು ಮನೆಗಳ ಕೆಳಗೆ ಬಿದ್ದಿರುತ್ತವೆ. ಬೆಚ್ಚಗಿನ ನೀರಿನಲ್ಲಿ ಬಿಡಿಸಿದರೆ ಉಗುರಿನಷ್ಟಗಲದ ಬುರುಡೆಗಳು ಈಚೆಗೆ ಬರುತ್ತವೆ, ಮುಂಬಲ್ಲು ಕಿತ್ತಳೆ ಬಣ್ಣ. ಕಬ್ಬಿಣದ ಅಂಶದಿಂದ ಗಟ್ಟಿಯಾದ ಹಲ್ಲದು. ಒಂದು ಉಂಡೆಯಲ್ಲಿ ಎಷ್ಟು ಇಲಿ ಎಂದು ಮಕ್ಕಳು ಎಣಿಸಿದ ಮೇಲೆ ಗೂಬೆ ಅಪಶಕುನ ಎಂಬ ಮಾತನ್ನು ನಾನು ಖಂಡಿಸಬೇಕಾಗಿಲ್ಲ. ರಾಗಿ ಬೆಳೆಯುವವರ ಮಕ್ಕಳು ಅವರು, ಲೆಕ್ಕ ಅವರಿಗೇ ತಿಳಿಯುತ್ತದೆ.

ಚರ್ಮದ ಪಾಠಕ್ಕೆ ಬೇರೆ ದಾರಿ ಹಿಡಿದಿದ್ದೇನೆ. ಸಂತೆಯಲ್ಲಿ ಚಿರತೆ ಚುಕ್ಕೆಯ ದಪ್ಪ ಬ್ಲಾಂಕೆಟ್ಟು ಸಿಗುತ್ತದೆ. ಕಣ್ಣಿಗೆ ಹೊಡೆಯುವ ವಸ್ತು. ಮನೆಯೊಳಗೆ ಹೊದ್ದರೆ ನಿದ್ದೆ ಬಾರದು. ಅದನ್ನು ಲಾಂಟಾನ ಪೊದೆಯ ನೆರಳು-ಬಿಸಿಲಿನಲ್ಲಿ ಹರಡಿ ಬಂದು, ಹುಡುಕಿ ಎನ್ನುತ್ತೇನೆ. ಪಕ್ಕದಲ್ಲೇ ಒಂದು ಕರಿ ಕಂಬಳಿಯನ್ನೂ ಹಾಕಿರುತ್ತೇನೆ. ಕಂಬಳಿ ತಕ್ಷಣ ಸಿಗುತ್ತದೆ. ಬ್ಲಾಂಕೆಟ್ಟನ್ನು ತುಳಿಯುವಷ್ಟು ಹತ್ತಿರ ಹೋಗಿಯೂ ಮಕ್ಕಳು ದಾಟಿಬಿಡುತ್ತಾರೆ. ಒಮ್ಮೆ ಇದನ್ನು ನೋಡುತ್ತಿದ್ದ ಕುರಿ ಕಾಯುವ ತಾತ ‘ನಮ್ ಮರಿ ಹೊತ್ಕೊಂಡ್ ಹೋಗಿದ್ದೂ ಹಿಂಗೇ ಮೇಷ್ಟ್ರೇ, ಮೂರ್ ಮಾರಲ್ಲಿ ಕೂತಿದ್ರೂ ಕಾಣ್ಲಿಲ್ಲ’ ಎಂದ. ಸತ್ತ ಚಿರತೆಯ ನಿಜವಾದ ಚರ್ಮ ಮೇಜಿನ ಮೇಲೆ ಇದ್ದಿದ್ದರೆ ಮಕ್ಕಳು ಅದನ್ನು ಸವರಿ ಸುಮ್ಮನಾಗುತ್ತಿದ್ದರು. ಪೊದೆಯೊಳಗೆ ಅದು ಏನು ಮಾಡುತ್ತದೆಂಬುದು ತಿಳಿಯುತ್ತಿರಲಿಲ್ಲ.

ನಿಜವಾದ ಕಾಡುಪ್ರಾಣಿಯ ಮಾದರಿ ನೋಡಲೇಬೇಕು ಅನ್ನುವವರು ಮೈಸೂರಿನ ಕಾರಂಜಿ ಕೆರೆ ದಂಡೆಯಲ್ಲಿ 1995ರಿಂದ ಇರುವ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯಲಿ. ಇಂಥ ಜಾಗಗಳು ನಮ್ಮಲ್ಲಿ ಕಡಿಮೆ, ಇದ್ದವೂ ಕೈತಪ್ಪುತ್ತವೆ. ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ 2016ರ ಏಪ್ರಿಲ್ 26ರ ನಸುಕಿನಲ್ಲಿ ಸುಟ್ಟುಹೋಯಿತು.

ನೀವೂ ಕೈ ಹಾಕುವುದಾದರೆ ಒಂದೆರಡು ಮಾತು. ಕಾರಣ ತಿಳಿಯದೆ ಸತ್ತ ದನ ಕುರಿಯ ಮೂಳೆ ಮುಟ್ಟಬೇಡಿ. ನೆರಡಿ ರೋಗದ ಬೀಜಾಣು ಮಣ್ಣಿನಲ್ಲಿ ದಶಕಗಟ್ಟಲೆ ಬದುಕುತ್ತದೆ. ಬೆಟ್ಟದಲ್ಲಿ ಕಾಡುಪ್ರಾಣಿಯ ಬುರುಡೆ ಕಂಡರೆ ಇದ್ದಲ್ಲೇ ಬಿಟ್ಟು, ಫೋಟೊ ತೆಗೆದು, ಅರಣ್ಯ ಇಲಾಖೆಯ 1926ಕ್ಕೆ ಫೋನು ಮಾಡಿ. ಮುಂದಿನ ಭಾನುವಾರ ತಲೆ-ಕಾಲು ತರುವವರಿದ್ದರೆ ಅಂಗಡಿಯವನಿಗೆ ಸೀಳಬೇಡವೆಂದು ಹೇಳಿ. ಸಾರು ನೀವು ಉಣ್ಣಿ, ಬುರುಡೆಯನ್ನು ನಿಮ್ಮೂರ ಶಾಲೆಗೆ ಕೊಡಿ.