ಕೋಟೆಯ ಸುತ್ತ ಹತ್ತು ಕಿಲೋಮೀಟರು

ವಿಜಯಪುರವನ್ನು ನೋಡಹೋಗುವ ಪ್ರವಾಸಿಗರು ಸಾಮಾನ್ಯವಾಗಿ ಒಂದೇ ದಿನದಲ್ಲಿ ಊರನ್ನು ನೋಡಿ ಮುಗಿಸಿಬಿಡುತ್ತಾರೆ. ಮುಂಜಾನೆ ಗೋಲಗುಂಬಜವನ್ನು ಹತ್ತಿ, ಮಕ್ಕಳಿಂದ ಹೆಸರು ಕೂಗಿಸಿ ಪ್ರತಿಧ್ವನಿಯನ್ನು ಆಲಿಸುವುದು. ಮಧ್ಯಾಹ್ನ ಇಬ್ರಾಹಿಂ ರೋಜಾ. ಸಂಜೆ ಬಾರಾ ಕಮಾನಿನ ಮುಂದೆ ಒಂದು ಭಾವಚಿತ್ರ. ರಾತ್ರಿ ಮರಳಿ ಊರಿಗೆ. ಹೀಗೆ ನೋಡಿದವರು ಕಟ್ಟಡಗಳನ್ನು ಕಂಡಿರುತ್ತಾರೆಯೇ ಹೊರತು ಊರನ್ನು ಕಂಡಿರುವುದಿಲ್ಲ. ಏಕೆಂದರೆ ಈ ಊರಿಗೆ ಆಕಾರವನ್ನು ಕೊಟ್ಟದ್ದು ಗುಮ್ಮಟಗಳಲ್ಲ, ಅದರ ಕೋಟೆಗೋಡೆ. ಆ ಗೋಡೆಯನ್ನು ತಿಳಿಯಬೇಕಾದರೆ ವಾಹನದಿಂದ ಕೆಳಗಿಳಿದು ನಮ್ಮ ಕಾಲುಗಳನ್ನೇ ನಂಬಬೇಕು.

ರಾಜ್ಯದ ಗಡಿಯಂಚಿನ ಕೊಗನೊಳ್ಳಿಯಿಂದ ಹೊರಟವರು ನಿಪ್ಪಾಣಿ, ಚಿಕ್ಕೋಡಿಗಳನ್ನು ಹಾದು, ಕೃಷ್ಣೆಯನ್ನು ದಾಟಿ, ಅಥಣಿ, ತೆಲಸಂಗ, ತಿಕೋಟಾಗಳ ಮೇಲಿಂದ ಪಶ್ಚಿಮ ದಿಕ್ಕಿನಿಂದ ಈ ಊರನ್ನು ಸೇರುತ್ತಾರೆ. ದಾರಿಯುದ್ದಕ್ಕೂ ಹೊಲ ಬಯಲುಗಳು; ದೂರದಲ್ಲಿ ಗುಮ್ಮಟದ ನೆರಳುಗಪ್ಪು. ಬಿಜಾಪುರವೆಂದು ನಾವು ಬಹುಕಾಲ ಕರೆದ ಈ ಊರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ವಿಜಯಪುರವಾಗಿದೆ. ಹೆಸರು ಬದಲಾದರೂ ಊರನ್ನು ತಬ್ಬಿಕೊಂಡಿರುವ ಕಲ್ಲಿನ ಬಳಸು ಹಳೆಯದೇ.

1558ರಿಂದ 1580ರವರೆಗೆ ಆಳಿದ ಒಂದನೆಯ ಅಲಿ ಆದಿಲಶಹನು ಈ ಗೋಡೆಯನ್ನು ಕಟ್ಟಿಸಿದನು. 1565ರಲ್ಲಿ ವಿಜಯನಗರವನ್ನು ಸೋಲಿಸಿದ ಸುಲ್ತಾನರ ಕೂಟದಲ್ಲಿ ಅವನೂ ಒಬ್ಬ. ಗೋಡೆಯ ಸುತ್ತಳತೆ ಸುಮಾರು 10 ಕಿಲೋಮೀಟರು. ಅದಕ್ಕೆ 96 ಬುರುಜುಗಳು, ಐದು ಮುಖ್ಯ ದರವಾಜೆಗಳು, ಹೊರಮೈಯಲ್ಲಿ ನಲವತ್ತು ಐವತ್ತು ಅಡಿ ಅಗಲದ ಕಂದಕ. ಇಂದಿನ ಓಟಗಾರರು ತಮ್ಮ ಅಭ್ಯಾಸಕ್ಕೆ ಬಹುವಾಗಿ ಆರಿಸಿಕೊಳ್ಳುವ ದೂರವೂ 10 ಕಿಲೋಮೀಟರೇ ಎಂಬುದು ಒಂದು ಸೊಗಸಾದ ಕಾಕತಾಳೀಯ.

ಗೋಲಗುಂಬಜದ ಬಳಿ ಓಟವನ್ನು ಆರಂಭಿಸುವುದು ಅನುಕೂಲ. ರೈಲು ನಿಲ್ದಾಣವೂ ಹತ್ತಿರವೇ ಇದೆ. ಬೇಸಗೆಯಲ್ಲಾದರೆ ಆರು ಗಂಟೆಗೆ ಮುಂಚೆಯೇ ಹೊರಡಬೇಕು. ಈ ಸೀಮೆಯ ಬಿಸಿಲು ಹೊತ್ತೇರಿದ ಮೇಲೆ ಯಾರನ್ನೂ ಕ್ಷಮಿಸುವುದಿಲ್ಲ. ಚಳಿಗಾಲದ ಮುಂಜಾವೇ ಎಲ್ಲಕ್ಕಿಂತ ಹಿತ. ಓಡುವುದು ಗೋಡೆಯ ಮಗ್ಗುಲಿನ ಬೀದಿಗಳಲ್ಲಿ, ಗೋಡೆಯ ಮೇಲಲ್ಲ. ಸಡಿಲಗೊಂಡ ಕಲ್ಲುಗಳ ಮೇಲೆ ಓಡುವುದರಿಂದ ಓಡುವವನಿಗೂ ಗೋಡೆಗೂ ಕೇಡು.

ಗುಂಬಜದಿಂದ ಉತ್ತರದ ಬಹಮನಿ ದರವಾಜೆಯನ್ನು ಹಾದು, ವಾಯವ್ಯದ ಶಹಾಪುರ ದರವಾಜೆಯ ಕಡೆಗೆ ತಿರುಗಿದಾಗ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಗೋಡೆಯ ಕೆಲಸ ಎಲ್ಲೆಡೆಯೂ ಒಂದೇ ಬಗೆಯದಲ್ಲ. ಇಲ್ಲಿ ಕಲ್ಲು ನಯವಾಗಿ ಕೂಡಿದ್ದರೆ ಮುಂದೆ ಒರಟಾಗಿದೆ. ಇಲ್ಲಿಯ ತೆನೆ ಎತ್ತರ, ಅಲ್ಲಿಯದು ಗಿಡ್ಡ. ದೊರೆಯು ಗೋಡೆಯ ಒಂದೊಂದು ಭಾಗವನ್ನು ಒಬ್ಬೊಬ್ಬ ಸರದಾರನಿಗೆ ಹಂಚಿಕೊಟ್ಟನೆಂದು ಪ್ರತೀತಿ. ವಾಹನದಲ್ಲಿ ಹೋಗುವವನಿಗೆ ಈ ಕೈಬದಲಾವಣೆ ಕಾಣುವುದಿಲ್ಲ. ಮೆಲ್ಲಗೆ ಓಡುವವನಿಗೆ ಕಾಣುತ್ತದೆ.

ಪಶ್ಚಿಮದ ಗೋಡೆಯೇ ಈ ಸುತ್ತಿನ ಹೃದಯಭಾಗ. ಒಳಗಡೆಗೆ ಸುಮಾರು 80 ಅಡಿ ಎತ್ತರದ ಉಪ್ಪಲಿ ಬುರುಜು ಒಂಟಿಯಾಗಿ ನಿಂತಿದೆ. ಅದರ ಮೆಟ್ಟಿಲುಗಳು ಹೊರಮೈಯಲ್ಲೇ ಸುತ್ತಿಕೊಂಡು ಏರುತ್ತವೆ. ಗೋಡೆಯ ಶೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಮಲಗಿದೆ. 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದು, 1632ರಲ್ಲಿ ಪರಾಂಡಾದಿಂದ ಇಲ್ಲಿಗೆ ತಂದ, ಸುಮಾರು 55 ಟನ್ ತೂಕದ ತೋಪು ಇದು. ಅದರ ಬಾಯಿ ಆನೆಯನ್ನು ಅಗಿಯುತ್ತಿರುವ ಸಿಂಹದ ಬಾಯಿಯಂತಿದೆ. ಇಂಥ ತೋಪನ್ನು 1854ರಲ್ಲಿ ಹರಾಜಿಗಿಟ್ಟಾಗ ಬಂದ ಬೆಲೆ ಕೇವಲ 150 ರೂಪಾಯಿ! ಪುಣ್ಯವಶಾತ್ ಆ ಮಾರಾಟವು ರದ್ದಾಯಿತು. ಯಾರಿಗೂ ಬೇಡವಾದ ವಸ್ತುವಿಗೆ ಎಂಥ ಗತಿ ಬರಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

ಮಕ್ಕಾ ದರವಾಜೆಯ ಒಳಬದಿಗೆ ತಾಜ್ ಬಾವಡಿ ಇದೆ. ಎರಡನೆಯ ಇಬ್ರಾಹಿಂ ಆದಿಲಶಹನ ಕಾಲದ, 1620ರ ಈ ದೊಡ್ಡ ಬಾವಿಯು ಹಲವು ಕಾಲ ಹೂಳು ಕಸಗಳಿಂದ ತುಂಬಿಹೋಗಿತ್ತು. ಈಚಿನ ವರ್ಷಗಳಲ್ಲಿ ಅದರ ಹೂಳೆತ್ತಿಸಲಾಯಿತು. ಮನಸ್ಸು ಮಾಡಿದರೆ ಆಗದ ಕೆಲಸವಿಲ್ಲವೆಂಬ ಧೈರ್ಯವನ್ನು ಅದು ನೋಡುವವರಿಗೆ ಕೊಡುತ್ತದೆ.

ದಕ್ಷಿಣಕ್ಕೆ ಹೊರಳಿ, ಆಗ್ನೇಯದ ಫತೇ ದರವಾಜೆಯನ್ನು ಮುಟ್ಟಬೇಕು. ಇದರ ಹಳೆಯ ಹೆಸರು ಮಂಗೋಳಿ ದರವಾಜೆ. 1686ರ ಸಪ್ಟೆಂಬರಿನಲ್ಲಿ ದೀರ್ಘ ಮುತ್ತಿಗೆಯ ತರುವಾಯ ನಗರವು ಶರಣಾದಾಗ ಔರಂಗಜೇಬನು ಪ್ರವೇಶಿಸಿದ್ದು ಈ ಬಾಗಿಲಿನಿಂದ. ಅಂದಿನಿಂದ ಅದು ‘ಗೆಲುವಿನ ಬಾಗಿಲು’. ಗೆಲುವು ಅವನದು; ಆದಿಲಶಾಹಿಗೆ ಅದೇ ಕೊನೆ. ಅಲ್ಲಿಂದ ಪೂರ್ವದ ಅಲಿಪುರ ದರವಾಜೆಯನ್ನು ಹಾದರೆ ಗೋಲಗುಂಬಜವು ಮತ್ತೆ ಎದುರಾಗಿ ಸುತ್ತು ಪೂರ್ಣವಾಗುತ್ತದೆ.

ಹೆಚ್ಚಿನ ಉಸಿರುಳ್ಳವರಿಗೆ ಕೋಟೆಯ ಹೊರಗೂ ದಾರಿಗಳಿವೆ. ಇಬ್ರಾಹಿಂ ರೋಜಾದ ಕಡೆಯಿಂದ ಪಶ್ಚಿಮಕ್ಕೆ ಐದಾರು ಕಿಲೋಮೀಟರು ನಡೆದರೆ ತೊರವಿ. ಕನ್ನಡಿಗರಿಗೆ ಇದು ಪರಿಚಿತ ಹೆಸರು. ‘ತೊರವೆ ರಾಮಾಯಣ’ವನ್ನು ಭಾಮಿನಿ ಷಟ್ಪದಿಯಲ್ಲಿ ರಚಿಸಿದ ಕುಮಾರ ವಾಲ್ಮೀಕಿಯ ಊರು ಇದು, ಅವನ ಆರಾಧ್ಯ ನರಸಿಂಹನ ಗುಡಿ ಇಲ್ಲಿದೆ. ಇದರ ಹತ್ತಿರದಲ್ಲೇ ಎರಡನೆಯ ಇಬ್ರಾಹಿಮನು 1599ರಲ್ಲಿ ನವರಸಪುರವೆಂಬ ಹೊಸ ನಗರವನ್ನು ಕಟ್ಟಲು ತೊಡಗಿದನು. 1624ರಲ್ಲಿ ಮಲಿಕ್ ಅಂಬರನು ಅದನ್ನು ಹಾಳುಗೆಡವಿದನು. ತೊರವಿಯಿಂದ ನಗರಕ್ಕೆ ಒಂದು ಕಾಲದಲ್ಲಿ ನೆಲದಡಿಯ ಸುರಂಗದಲ್ಲಿ ಕುಡಿಯುವ ನೀರು ಹರಿದು ಬರುತ್ತಿತ್ತು. ದಕ್ಷಿಣದ ಬೇಗಂ ತಲಾಬಿನಿಂದಲೂ ಕೊಳವೆಗಳಲ್ಲಿ ನೀರು ಬರುತ್ತಿತ್ತು. ಊರನ್ನು ಕಾಯಲು ಕಲ್ಲು ಎಷ್ಟು ಬೇಕೋ ನೀರೂ ಅಷ್ಟೇ ಬೇಕೆಂಬುದನ್ನು ಆ ಕಾಲದವರು ಚೆನ್ನಾಗಿ ಬಲ್ಲವರಾಗಿದ್ದರು. ಇಂದು ತೊರವಿಯಲ್ಲಿ ಮಹಿಳಾ ವಿಶ್ವವಿದ್ಯಾಲಯವಿದೆ. ಕೋಟೆಯ ಸುತ್ತು, ತೊರವಿಗೆ ಹೋಗಿಬರುವ ದಾರಿ, ಎರಡನ್ನೂ ಕೂಡಿಸಿದರೆ ಅರ್ಧ ಮ್ಯಾರಥಾನಿನ 21 ಕಿಲೋಮೀಟರಿಗೆ ಹೆಚ್ಚುಕಡಿಮೆ ಸರಿಹೋಗುತ್ತದೆ.

ಓಟವು ಈ ಊರಿಗೆ ಅಪರಿಚಿತವಲ್ಲ. ಸೈಕಲ್ ಪಟುಗಳ ತವರೆಂದು ವಿಜಯಪುರಕ್ಕೆ ಮೊದಲಿನಿಂದಲೂ ಹೆಸರಿದೆ. ಗಿಡ ನೆಡುವ ಕೋಟಿ ವೃಕ್ಷ ಅಭಿಯಾನದ ಜೊತೆಯಲ್ಲೇ ‘ವೃಕ್ಷಥಾನ್ ಹೆರಿಟೇಜ್ ರನ್’ ಎಂಬ ಓಟವೂ ಹುಟ್ಟಿಕೊಂಡು, ಸಾವಿರಾರು ಜನರನ್ನು ಸ್ಮಾರಕಗಳ ನಡುವಿನ ಬೀದಿಗಳಿಗೆ ಕರೆತಂದಿದೆ. ಮಳೆ ಕಡಿಮೆಯಾದ ಈ ಜಿಲ್ಲೆಯಲ್ಲಿ ಮರವೂ ಸ್ಮಾರಕದಷ್ಟೇ ಅಮೂಲ್ಯವಾದದ್ದು.

ಆದರೆ ವರ್ಷಕ್ಕೊಂದು ದಿನದ ಓಟವು ಸಾಲದು. ಸುತ್ತು ಬರುವವನಿಗೆ ಗೋಡೆಯ ಅಂದದ ಜೊತೆಗೆ ಅದರ ಗಾಯಗಳೂ ಕಾಣುತ್ತವೆ. ಒಂದೆಡೆ ರಸ್ತೆಗಾಗಿ ಗೋಡೆ ಒಡೆದಿದೆ. ಒಂದೆಡೆ ಕಂದಕವು ಕಸದಿಂದ ತುಂಬಿದೆ. ಮತ್ತೊಂದೆಡೆ ಕಂದಕದಲ್ಲೇ ಮನೆಗಳೆದ್ದಿವೆ. ಅಲ್ಲಿ ವಾಸಿಸುವವರು ಬೇರೆಲ್ಲೂ ಜಾಗ ಸಿಗದ ಬಡವರು. ಅವರ ಮೇಲೆ ಕೋಪಗೊಳ್ಳುವುದು ಸುಲಭ, ನ್ಯಾಯವಲ್ಲ. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡವನ್ನು ಎಬ್ಬಿಸಕೂಡದೆಂದು ಕಾನೂನು ಹೇಳುತ್ತದೆ. ದಖ್ಖನದ ಸುಲ್ತಾನರ ಕಾಲದ ಸ್ಮಾರಕಗಳೊಡನೆ ವಿಜಯಪುರದ ಹೆಸರೂ 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿದೆ. ಆದರೂ ಹತ್ತು ಕಿಲೋಮೀಟರು ಉದ್ದದ ಗೋಡೆಯನ್ನು ಕಾನೂನೊಂದೇ ಕಾಯಲಾರದು. ಗೋಲಗುಂಬಜಕ್ಕೆ ಟಿಕೇಟಿದೆ, ಕಾವಲುಗಾರನಿದ್ದಾನೆ, ನೋಡುವವರಿದ್ದಾರೆ. ಹಿಂಬದಿಯ ಬೀದಿಯ ಬುರುಜಿಗೆ ಯಾರಿದ್ದಾರೆ?

ಅದಕ್ಕೆ ಜನರಿರಬೇಕು. ಕೋಟೆಯ ಸುತ್ತಲೂ ತಡೆಯಿಲ್ಲದ ಒಂದು ಕಾಲುದಾರಿ, ಅದರ ಮಗ್ಗುಲಿಗೆ ಬೇವು ಹುಣಸೆಗಳ ಸಾಲು, ಅಲ್ಲಲ್ಲಿ ಕುಡಿಯುವ ನೀರು: ಇಷ್ಟಾದರೆ ಸಾಕು. ದಿನವೂ ಮುಂಜಾನೆ ನೂರು ಜನ ಹಾಯುವ ದಾರಿಯ ಕಲ್ಲು ರಾತ್ರೋರಾತ್ರಿ ಮಾಯವಾಗುವುದು ಕಷ್ಟ. ನಿನ್ನೆ ಇದ್ದದ್ದು ಇಂದು ಇಲ್ಲವೆಂಬುದು ದಿನವೂ ನೋಡುವವನಿಗೆ ಮಾತ್ರ ತಿಳಿದೀತು. ಕಂದಕದ ಬದಿಯ ಮನೆಯವರಿಗೆ ಬೇರೆಡೆ ತಕ್ಕ ನೆಲೆಯನ್ನು ಕಲ್ಪಿಸಿಕೊಟ್ಟ ಮೇಲೆಯೇ ಆ ದಾರಿ ಪೂರ್ಣಗೊಳ್ಳಬೇಕು ಎಂಬುದನ್ನೂ ಮರೆಯಲಾಗದು.

ಈ ಚಳಿಗಾಲದ ರಜೆಗೆ ವಿಜಯಪುರಕ್ಕೆ ಹೋಗುವ ಕುಟುಂಬಗಳು ಒಂದು ರಾತ್ರಿ ಹೆಚ್ಚಾಗಿ ತಂಗಲಿ. ಓಡಬಲ್ಲವರು ಓಡಲಿ; ಹಿರಿಯರೂ ಚಿಕ್ಕಮಕ್ಕಳೂ ಶಹಾಪುರ ದರವಾಜೆಯಿಂದ ಮಕ್ಕಾ ದರವಾಜೆಯವರೆಗೆ ಮೆಲ್ಲಗೆ ನಡೆದರೂ ಸಾಕು. ಸುತ್ತು ಮುಗಿಸಿ ಬಂದವರಿಗೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯನ್ನು ಬಡಿಸುವ ಖಾನಾವಳಿಗಳಿಗೆ ಆ ಊರಿನಲ್ಲಿ ಕೊರತೆಯಿಲ್ಲ.