ಮಷಿನ್‌ಗೂ ಒಂದು ಕೊಡ ನಳದ ನೀರು

ಮದುವೆಯಾಗಿ ಬೈಲಹೊಂಗಲಕ್ಕೆ ಬಂದಾಗ ನನ್ನ ಜೊತೆ ಬಂದದ್ದು ಎರಡು ಸೂಟ್‌ಕೇಸ್, ಆಫೀಸಿನ ಲ್ಯಾಪ್‌ಟಾಪ್, ಮತ್ತೊಂದು ಎಸ್ಪ್ರೆಸೊ ಮಷಿನ್. ಬೆಂಗಳೂರಲ್ಲಿ ಮೊದಲ ಬೋನಸ್ ಬಂದಾಗ 28 ಸಾವಿರ ಕೊಟ್ಟು ತಗೊಂಡಿದ್ದು. ನಾನು ಮೂಡಿಗೆರೆ ಕಡೆಯವಳು. ಮೂರು ಹೊತ್ತೂ ಚಹಾ ಕುಡಿಯುವ ಮನೆಗೆ ಸೊಸೆಯಾಗಿ ಬಂದವಳಿಗೆ, ಬೆಳಿಗ್ಗೆ ಆರೂವರೆಗೆ ಆ ಮಷಿನ್ ಗುರ್ ಅಂದರೆ ಸಾಕು, ಇಲ್ಲಿ ನನಗೂ ಒಂದು ಮೂಲೆ ಇದೆ ಅನ್ನಿಸುತ್ತಿತ್ತು.

ನಮ್ಮ ಮನೇಲಿ ನೀರು ಎರಡು ಥರ. ಸಿಂಕಿಗೆ ಬರೋದು ಬೋರ್ ನೀರು. ನಳದ ನೀರು ನಾಲ್ಕೈದು ದಿನಕ್ಕೊಮ್ಮೆ. ಅದನ್ನು ಅತ್ತೆ ಕೊಡಗಳಲ್ಲಿ ತುಂಬಿ ಮುಚ್ಚಿಡುತ್ತಾರೆ, ಕುಡಿಯೋಕೆ, ಬ್ಯಾಳಿ ಬೇಯಿಸೋಕೆ, ಚಹಾಕ್ಕೆ. ನಾನು ಸಿಂಕಿನ ಕೆಳಗೆ ಮಷಿನ್ನಿನ ಟ್ಯಾಂಕ್ ಹಿಡಿದದ್ದನ್ನು ನೋಡಿ ಮೊದಲ ವಾರವೇ ಹೇಳಿದ್ದರು: "ಆ ನೀರ ಹಾಕಬ್ಯಾಡ ಯವ್ವಾ, ಸವಳ ಐತಿ."

"ಹೆಂಗೂ ಬಿಸಿ ಆಗುತ್ತಲ್ಲ ಅತ್ತೆ, ಏನೂ ಆಗಲ್ಲ" ಅಂದೆ. ನಿಜ ಹೇಳಬೇಕೆಂದರೆ, ಅಳೆದು ತುಂಬಿಟ್ಟ ನೀರನ್ನು ದಿನಾ ಕೇಳಿ ಪಡೆಯೋದು ನನಗೆ ಮುಜುಗರ.

ನಾಲ್ಕು ತಿಂಗಳಾಗೋದರಲ್ಲಿ ಕಾಫಿ ತೊಟ್ಟು ತೊಟ್ಟಾಗಿ ಬೀಳತೊಡಗಿತು. ಪುಡಿ ನುಣ್ಣಗಾಯಿತೇನೋ ಅಂತ ಸ್ವಲ್ಪ ದಪ್ಪ ಬೀಸಿದೆ. ಎರಡು ದಿನ ಸರಿಹೋಯಿತು, ಮತ್ತೆ ಅದೇ ಕತೆ. ಪಂಪಿನ ಸದ್ದು ಜೋರಾಯಿತು, ಹಾಲು ನೊರೆ ಬರಿಸುವ ಹಬೆ ಸೊರಗಿತು. ಕೊನೆಗೊಂದು ದಿನ ನೀರೇ ಬರಲಿಲ್ಲ. ಅವತ್ತು ರಾತ್ರಿ ಗಂಡನ ಹತ್ತಿರ, "ನಿಮ್ಮಮ್ಮ ಏನೋ ತೊಳೆಯೋಕೆ ಹೋಗಿ ಕೆಡಿಸಿದ್ದಾರೆ" ಅಂದುಬಿಟ್ಟೆ. ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಪಕ್ಕದ ಕೋಣೆಗೆ ಮಾತು ಪೂರ್ತಿ ಕೇಳಿಸಿದೆ. ಬೆಳಿಗ್ಗೆ ಅತ್ತೆ ನನ್ನ ಮುಂದೆ ಚಹಾ ಇಟ್ಟರು, ಮಾತಾಡಲಿಲ್ಲ. ವಾರ ಪೂರ್ತಿ ಹಾಗೇ.

ಹುಬ್ಬಳ್ಳಿಯ ರಿಪೇರಿಯವರು ಮಷಿನ್ ಬಿಚ್ಚಿ ವಾಟ್ಸಾಪಲ್ಲಿ ಫೋಟೋ ಕಳಿಸಿದರು. ಪೆನ್ಸಿಲ್ ಕಡ್ಡಿಯಷ್ಟು ಸಣ್ಣ ದಾರಿಯ ತುಂಬ ಬಿಳಿ ಹಕ್ಕಳೆ. "ಯಾರೂ ಕೆಡಿಸಿಲ್ರಿ ಮೇಡಂ, ನೀರ ಕೆಡಸೇತಿ."

ಪಿಯುಸಿಯಲ್ಲಿ ಎರಡು ಅಂಕಕ್ಕೆ ಬರೆದದ್ದು ಆಗ ನೆನಪಾಯಿತು. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತೆ. ತಣ್ಣಗಿದ್ದಾಗ ಕಾಣಲ್ಲ. ಬಿಸಿಯಾದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬೇರೆಯಾಗಿ ಪಾತ್ರೆಗೆ ಹಿಡಿಯುತ್ತೆ. ಕುದಿಸಿದರೆ ಕ್ರಿಮಿ ಸಾಯುತ್ತೆ, ಅದು ಸರಿ. ಆದರೆ ಸುಣ್ಣ ಹೊರಬರೋದೂ ಕಾಯಿಸಿದಾಗಲೇ. "ಬಿಸಿ ಆಗುತ್ತಲ್ಲ, ಏನೂ ಆಗಲ್ಲ" ಅಂದಿದ್ದೆನಲ್ಲ, ಇಂಜಿನಿಯರ್ ನಾನು! ನಮ್ಮ ಬಚ್ಚಲಿನ ಬಂಬದೊಳಗೆ ಬೆರಳು ದಪ್ಪ ಹಕ್ಕಳೆ ಇದ್ದದ್ದು ದಿನಾ ಕಾಣುತ್ತಿತ್ತು. ಬಂಬಕ್ಕೆ ಅಗಲ ಹೊಟ್ಟೆ, ತಡಕೊಳ್ಳುತ್ತೆ. ಮಷಿನ್ನಿಗೆ ಅಷ್ಟು ಜಾಗ ಎಲ್ಲಿದೆ? ಮೇಲಾಗಿ ಹಕ್ಕಳೆ ಶಾಖವನ್ನು ಸರಿಯಾಗಿ ದಾಟಿಸಲ್ಲ. ಅದಕ್ಕೇ ನನ್ನ ಕಾಫಿ ದಿನೇ ದಿನೇ ಹುಳಿಯಾಗಿದ್ದಿರಬೇಕು.

ಆನ್‌ಲೈನಲ್ಲಿ ಟಿಡಿಎಸ್ ಮೀಟರ್ ತರಿಸಿದೆ. ಅದು ಒಟ್ಟು ಲವಣದ ಅಂದಾಜು ಹೇಳುತ್ತೆ, ಸುಣ್ಣ ಎಷ್ಟು ಅಂತ ಹೇಳಲ್ಲ. ಅದಕ್ಕೆ ಗಡಸುತನ ನೋಡುವ ಹನಿ ಕಿಟ್ ಬೇಕು: ಕೆಂಪಗಿದ್ದ ನೀರು ನೀಲಿಯಾಗುವ ತನಕ ಹನಿ ಎಣಿಸೋದು. ನಮ್ಮ ಬೋರ್ ಲೀಟರಿಗೆ ಸುಮಾರು 450 ಮಿಲಿಗ್ರಾಂ ತೋರಿಸಿತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ 200 ಇರಬೇಕು, ಬೇರೆ ನೀರಿಲ್ಲದ ಕಡೆ 600ರವರೆಗೂ ನಡೆಯುತ್ತೆ. ಸ್ಪೆಷಾಲ್ಟಿ ಕಾಫಿ ಅಸೋಸಿಯೇಷನ್‌ನವರು ಕಾಫಿಗೆ ಹೇಳೋದು 50ರಿಂದ 175. ಅಂದರೆ ಮನುಷ್ಯರಿಗೆ ಪಾಸಾದ ನೀರು ಮಷಿನ್ನಿಗೆ ಫೇಲ್. ದಿನಕ್ಕೆ ಅರ್ಧ ಲೀಟರ್ ಹಿಡಿದರೂ ತಿಂಗಳಿಗೆ ಆರೇಳು ಗ್ರಾಂ ಒಳಗೆ ಹೋಗುತ್ತೆ. ಎಲ್ಲವೂ ಅಲ್ಲೇ ಕೂರಲ್ಲ, ಆದರೆ ಕಾಲು ಭಾಗ ಕೂತರೂ ಸಾಕಲ್ಲ.

ಮಷಿನ್ ವಾಪಸ್ ಬಂದ ದಿನ ಅತ್ತೆಗೆ ಆ ಫೋಟೋ ತೋರಿಸಿ, "ತಪ್ಪು ನಂದೇ ಅತ್ತೆ" ಅಂದೆ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಈ ನೀರಾಗ ಬ್ಯಾಳಿನ ಬೇಯಂಗಿಲ್ಲ, ಇದಕ್ಕ ಹೆಂಗ ಆಗಬೇಕ?" ಆಮೇಲೆ, ಸ್ವಲ್ಪ ತಡೆದು, "ನಾ ಅದನ್ನ ಒಮ್ಮಿನೂ ಮುಟ್ಟಿಲ್ಲವಾ" ಅಂದರು. ಉತ್ತರ ಕೊಡೋಕೆ ನನಗೆ ಬಾಯಿ ಬರಲಿಲ್ಲ.

ಬ್ಯಾಳಿಯ ಮಾತು ಸುಳ್ಳಲ್ಲ. ಕ್ಯಾಲ್ಸಿಯಂ ಕಾಳಿನೊಳಗಿನ ಪೆಕ್ಟಿನ್ ಜೊತೆ ಸೇರಿ ಗಟ್ಟಿಯಾಗುತ್ತೆ, ಕಾಳು ಮೆತ್ತಗಾಗಲ್ಲ. ಕಿಟ್ ಇಲ್ಲದೇ ಅವರಿಗೆ ಗೊತ್ತಿತ್ತು.

ನನಗೆ ಹನಿ ಎಣಿಸುವ ಹುಚ್ಚು ಹತ್ತಿತು. ಕಿತ್ತೂರಿನ ಸೋದರಮಾವನ ಮನೆಯ ತೆರೆದ ಬಾವಿ ನೀರು ಬೇಗ ನೀಲಿಯಾಯಿತು. ರಾಮದುರ್ಗದಲ್ಲಿ ನಾದಿನಿ ಮನೆಯ ಬೋರಿಗೆ ಹನಿ ಹಾಕಿ ಹಾಕಿ ಸಾಕಾಯಿತು. ಆ ಕಡೆ ನೆಲದಡಿ ಕಲಾದಗಿ ಶಿಲಾಪದರ, ಅದರಲ್ಲಿ ಸುಣ್ಣಕಲ್ಲೂ ಇದೆ. ಒಂದೊಂದು ಮನೆ ನೀರು ನೋಡಿ ಊರಿಗೇ ಲೆಕ್ಕ ಹೇಳೋಕಾಗಲ್ಲ ಬಿಡಿ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದಾಗ ನವಿಲುತೀರ್ಥದ ಹತ್ತಿರ ಗಾಡಿ ನಿಲ್ಲಿಸಿ, ಬಾಟಲಿಯಲ್ಲಿ ಮಲಪ್ರಭೆ ನೀರೂ ತಗೊಂಡೆ. ಕಣಕುಂಬಿಯ ಮಳೆಕಾಡಲ್ಲಿ ಹುಟ್ಟಿದ ಹೊಳೆ. ನಮ್ಮ ಬೋರಿನ ಕಾಲು ಭಾಗವೂ ಇರಲಿಲ್ಲ. "ದೇವರಿಗೆ ಬಂದೀಯೋ, ನೀರ ಅಳ್ಯಾಕ ಬಂದೀಯೋ?" ಅಂತ ಅತ್ತೆ ಬೈದರು. ಬೈದದ್ದಕ್ಕೆ ಖುಷಿಯಾಯಿತು.

ನಡುವೆ ಘಟಕದಿಂದ ಆರ್‌ಒ ನೀರಿನ ಕ್ಯಾನೂ ತಂದು ನೋಡಿದೆ. ಹಕ್ಕಳೆಯ ಭಯವಿಲ್ಲ, ಆದರೆ ಕಾಫಿ ಬರೀ ಚುರುಕು ಹುಳಿ, ಮೈಯೇ ಇಲ್ಲ. ರುಚಿ ಇಳಿಯೋಕೆ ಒಂದಿಷ್ಟು ಲವಣ ಬೇಕೇ ಬೇಕು. ಈಗ ನಳದ ನೀರು. ಬೇಸಿಗೆಯಲ್ಲಿ ನಳ ತಡವಾದರೆ ಮೂರು ಪಾಲು ಆರ್‌ಒ, ಒಂದು ಪಾಲು ಬೋರ್. ಎರಡು ತಿಂಗಳಿಗೊಮ್ಮೆ ಮಷಿನ್ನಿನ ಪುಸ್ತಕದಲ್ಲಿ ಹೇಳಿದ ಅಳತೆಗೆ ಸಿಟ್ರಿಕ್ ಆ್ಯಸಿಡ್ ಹಾಕಿ ತೊಳೀತೀನಿ. ಅಳತೆ ಮೀರಿದರೆ ಒಳಗಿನ ಅಲ್ಯೂಮಿನಿಯಂಗೂ ಪೆಟ್ಟು, ಹುಷಾರು.

ಮೊನ್ನೆ ನಳ ಬಂದಾಗ ನಾನು ಮೀಟಿಂಗಲ್ಲಿದ್ದೆ. ಮುಗಿಸಿ ಅಡುಗೆಮನೆಗೆ ಬಂದರೆ ಮಷಿನ್ನಿನ ಪಕ್ಕ ಸಣ್ಣ ಸ್ಟೀಲ್ ಕೊಡ, ಮೇಲೆ ತಾಟು ಮುಚ್ಚಿದೆ. "ಅದನ್ನ ಚಹಾಕ್ಕ ತಗೀಬ್ಯಾಡ್ರಿ, ಅಕಿ ಮಷಿನ್ನಿಂದ ಐತಿ" ಅಂತ ಅತ್ತೆ ಹೊರಗೆ ಮಾವನಿಗೆ ಹೇಳುತ್ತಿದ್ದರು.